ಮೊದಲು ಕಾಗದ, ಆಮೇಲೆ ಬಣ್ಣ

ಅಂಗಡಿಗೆ ಹೋಗಿ "ವಾಟರ್ ಕಲರ್ ಶುರು ಮಾಡ್ಬೇಕು, ಏನೇನು ಬೇಕಾಗತ್ತೆ?" ಎಂದು ಕೇಳಿ ನೋಡಿ. ಮೊದಲು ಮೇಜಿನ ಮೇಲೆ ಬಂದು ಕೂರುವುದು ಬಣ್ಣದ ಡಬ್ಬಿ. ಹನ್ನೆರಡರದ್ದು, ಹದಿನೆಂಟರದ್ದು, ಇಪ್ಪತ್ನಾಲ್ಕರದ್ದು. ಮುಚ್ಚಳ ತೆಗೆದರೆ ಜಾತ್ರೆಯಲ್ಲಿ ಬಳೆಗಾರ ಪೆಟ್ಟಿಗೆ ಬಿಚ್ಚಿದ ಹಾಗೆ. ನಾವು ಅಲ್ಲೇ ಸೋತಿರುತ್ತೇವೆ. ಬಣ್ಣಕ್ಕೆ ದುಡ್ಡು ಹೋದ ಮೇಲೆ ಉಳಿದದ್ದರಲ್ಲಿ ಒಂದು ಪ್ಯಾಕೆಟ್ ಬ್ರಷ್, ಹೊರಡುವಾಗ ನೆನಪಾಗಿ "ಹಂಗೇ ನಾಲ್ಕು ಡ್ರಾಯಿಂಗ್ ಶೀಟ್ ಸುತ್ತಿಕೊಡಿ" ಎಂದು ಕಾಗದ.

ಈ ಸರದಿ ತಲೆಕೆಳಗು. ಜಲವರ್ಣ ಕಲಿಯಲು ಹೊರಟವರ ದುಡ್ಡಿನಲ್ಲಿ ಅರ್ಧದಷ್ಟು ಕಾಗದಕ್ಕೆ ಹೋಗಬೇಕು, ಆಮೇಲೆ ಬ್ರಷ್, ಮಿಕ್ಕಿದ್ದು ಬಣ್ಣಕ್ಕೆ. ನನಗೆ ಇದು ತಲೆಗೆ ಹೋಗಲು ಎರಡು ಮಳೆಗಾಲ ಹಿಡಿಯಿತು.

ನನ್ನ ಮೊದಲ ಡಬ್ಬಿ 24 ಬಣ್ಣದ್ದು. ಬರೆಯಲು ಕೂತದ್ದು ಊರಿನ ಹೆಂಚಿನ ಮನೆ, ಹಿಂದೆ ಅಡಿಕೆ ತೋಟ, ಮೇಲೆ ಆಷಾಢದ ಮೋಡ. ಮೋಡಕ್ಕೆಂದು ಕಾಗದ ಒದ್ದೆ ಮಾಡಿ ನೀಲಿ ಎಳೆದೆ. ಬ್ರಷ್ ಅನ್ನು ಮತ್ತೆ ಬಣ್ಣಕ್ಕೆ ಅದ್ದಿ ತರುವಷ್ಟರಲ್ಲಿ ಮೊದಲ ಪಟ್ಟೆ ಒಣಗಿ ಅಂಚು ಕಟ್ಟಿತ್ತು. ಅಂಚು ಅಳಿಸೋಣ ಎಂದು ಉಜ್ಜಿದರೆ ಕಾಗದದ ಮೈ ಸುಲಿದು, ಚಪಾತಿ ಹಿಟ್ಟಿನ ಕೈ ತಿಕ್ಕಿದಾಗ ಉದುರುವಂಥ ಸಣ್ಣ ಸಣ್ಣ ಸುರುಳಿಗಳು. ಹಾಳೆ ಬಿಸಿಲಿಗಿಟ್ಟ ಹಪ್ಪಳದಂತೆ ಎದ್ದು ಕೂತಿತು. ತಗ್ಗಿದ್ದಲ್ಲಿ ನೀಲಿ ಮಡುಗಟ್ಟಿತು, ಉಬ್ಬಿದ್ದಲ್ಲಿ ಬೋಳು. ನನಗೆ ಇದು ಒಲಿಯುವ ವಿದ್ಯೆಯಲ್ಲ ಎಂದುಕೊಂಡು ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಮಾರನೆಯ ವರ್ಷ ಗೆಳತಿಯೊಬ್ಬಳು ತನ್ನಲ್ಲಿ ಉಳಿದಿದ್ದ ಹತ್ತಿ ಕಾಗದದ ತುಂಡೊಂದನ್ನು ಕೊಟ್ಟಳು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದೇ ಡಬ್ಬಿ, ಅದೇ ಬ್ರಷ್. ಮೋಡ ಮೋಡದಂತೆಯೇ ಬಂತು.

ಕಾಗದದಲ್ಲಿ ನೋಡಬೇಕಾದ್ದು

ಪೊಟ್ಟಣದ ಮೇಲೆ ಮೊದಲು ಕಣ್ಣಿಗೆ ಬೀಳುವುದು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. ನಾವು ಜೆರಾಕ್ಸ್ ಮಾಡಿಸುವ ಹಾಳೆ 70ರಿಂದ 80. ಜಲವರ್ಣಕ್ಕೆ 300 ಇರಲಿ. ಇಂಗ್ಲಿಷ್ ಪುಸ್ತಕಗಳಲ್ಲಿ 140 ಪೌಂಡ್ ಎಂದು ಬರೆದಿರುವುದೂ ಇದನ್ನೇ. ಅದಕ್ಕಿಂತ ತೆಳುವಾದದ್ದನ್ನು ಮೊದಲೇ ನೆನೆಸಿ, ಹಲಗೆಗೆ ಬಿಗಿಯಾಗಿ ಅಂಟಿಸಿ ಒಣಗಿಸಿಕೊಂಡು ಬಳಸುವವರಿದ್ದಾರೆ. ಹೊಸಬರಿಗೆ ಆ ತಾಪತ್ರಯ ಬೇಡ.

ಆದರೆ ಎಡವುವುದು ಇಲ್ಲೇ. 300 ಜಿಎಸ್‌ಎಂ ಎಂದ ಮಾತ್ರಕ್ಕೆ ಒಳ್ಳೆಯ ಕಾಗದ ಎಂದಲ್ಲ. ದಪ್ಪ ಬೇರೆ, ಕಾಗದ ಯಾವುದರಿಂದ ಆದದ್ದು ಎಂಬುದು ಬೇರೆ. ಮರದ ತಿರುಳಿನಿಂದಲೂ 300 ಜಿಎಸ್‌ಎಂ ಕಾಗದ ಮಾಡುತ್ತಾರೆ, ಹತ್ತಿಯಿಂದಲೂ ಮಾಡುತ್ತಾರೆ. ಹತ್ತಿಯ ಎಳೆ ಉದ್ದ. ಅದು ನೀರನ್ನು ಒಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹಾಗಾಗಿ ಬಣ್ಣ ಹರಡಲು, ಇನ್ನೊಂದು ಬಣ್ಣ ತಂದು ಸೇರಿಸಲು, ತಪ್ಪಾದದ್ದನ್ನು ಒದ್ದೆ ಬ್ರಷ್‌ನಿಂದ ಎತ್ತಲು ನಮಗೆ ಸಮಯ ಸಿಗುತ್ತದೆ. ಮರದ ತಿರುಳಿನದ್ದು ಬೇಗ ಒಣಗುತ್ತದೆ. ನುರಿತವರು ಅದರಲ್ಲೂ ಸೊಗಸಾಗಿ ಬರೆಯುತ್ತಾರೆ, ಏಕೆಂದರೆ ಎಲ್ಲಿ ಏನು ಮಾಡಬೇಕೆಂದು ಅವರಿಗೆ ಮೊದಲೇ ಗೊತ್ತು. ಯೋಚಿಸುತ್ತ ಕೂರುವವರು ಹೊಸಬರು. ಅವರಿಗೇ ಹತ್ತಿ ಬೇಕು. "ಕಲಿಯುವವರಿಗೆ ಇದು ಸಾಕು" ಎಂದು ತೆಳು ಹಾಳೆ ಕೊಡುವ ಅಂಗಡಿಯವರ ಮಾತಿಗೆ ನನ್ನ ತಕರಾರು ಇದೇ.

ಪೊಟ್ಟಣದ ಮೇಲೆ 100 ಪರ್ಸೆಂಟ್ ಕಾಟನ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲವೆಂದರೆ ಮರದ ತಿರುಳು ಎಂದೇ ತಿಳಿಯಿರಿ. ಫ್ರಾನ್ಸಿನ ಆರ್ಶ್ (ನಮ್ಮ ಅಂಗಡಿಗಳಲ್ಲಿ ಆರ್ಚಸ್ ಎನ್ನುತ್ತಾರೆ) 1492ರಿಂದ ಕಾಗದ ಮಾಡಿಕೊಂಡು ಬಂದಿರುವ ಊರಿನ ಹೆಸರು. ಇಟಲಿಯ ಫಾಬ್ರಿಯಾನೋದಲ್ಲಿ 13ನೇ ಶತಮಾನದಿಂದಲೇ ಕಾಗದದ ಕಸುಬಿದೆ. ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫೋರ್ಡ್ ಇನ್ನೊಂದು. ಮೂರೂ ದುಬಾರಿ. ನಮ್ಮಲ್ಲೇ ಸಿಗುವ ಬ್ರಸ್ಟ್ರೋ ಕಾಗದಗಳಲ್ಲಿ 25 ಪರ್ಸೆಂಟ್ ಹತ್ತಿ ಬೆರೆಸಿದ್ದೂ ಇದೆ. ಕೈಗೆಟಕುವ ನಡುವಿನ ದಾರಿ ಅದು. ಪುದುಚೇರಿಯ ಅರವಿಂದಾಶ್ರಮದ್ದು, ಜೈಪುರದ ಬಳಿಯ ಸಾಂಗಾನೇರಿನದು, ಹೀಗೆ ಬಟ್ಟೆಯ ಚಿಂದಿಯಿಂದ ಮಾಡಿದ ಕೈಕಾಗದಗಳೂ ಇವೆ. ನೋಡಲು ಬಲು ಚಂದ. ಆದರೆ ಕೈಕಾಗದ ಎಂದರೆಲ್ಲ ಜಲವರ್ಣಕ್ಕೆ ಆಗಿಬರುವುದಿಲ್ಲ. ಆಮಂತ್ರಣ ಪತ್ರಿಕೆಗೆಂದು ಮಾಡಿದ್ದರ ಮೇಲೆ ಬ್ರಷ್ ಇಟ್ಟರೆ ಮಸಿ ಹೀರುವ ಕಾಗದದಂತೆ ಗುಟುಕರಿಸಿಬಿಡುತ್ತದೆ.

ಅದಕ್ಕೊಂದು ಸುಲಭ ಪರೀಕ್ಷೆ. ಕಾಗದದ ಮೂಲೆಯಲ್ಲಿ ಬೆರಳ ತುದಿಯಿಂದ ಒಂದು ಹನಿ ನೀರು ಇಡಿ. ಕೆಸುವಿನೆಲೆಯ ಮೇಲಿನ ಹನಿಯಷ್ಟಲ್ಲದಿದ್ದರೂ ಸ್ವಲ್ಪ ಹೊತ್ತು ಅದು ಉಬ್ಬಿ ನಿಲ್ಲಬೇಕು. ಇಟ್ಟ ಕೂಡಲೇ ಕಪ್ಪಾಗಿ ಹಬ್ಬಿ ಒಳಗಿಳಿದರೆ ಆ ಕಾಗದಕ್ಕೆ ಸೈಜಿಂಗ್ ಸಾಲದು. ಜೆಲಾಟಿನ್‌ನಂಥ ಅಂಟಿನಲ್ಲಿ ಕಾಗದವನ್ನು ಹದ ಮಾಡುವುದಕ್ಕೆ ಸೈಜಿಂಗ್ ಎನ್ನುತ್ತಾರೆ. ಬಣ್ಣ ಕಾಗದದ ಮೇಲ್ಮೈಯಲ್ಲೇ ನಿಂತು ಹೊಳೆಯುವುದು ಅದರಿಂದ. ಮಲೆನಾಡು, ಕರಾವಳಿಯವರು ಒಂದು ಮಾತು ನೆನಪಿಡಿ: ಎಷ್ಟೇ ದುಬಾರಿ ಕಾಗದವಾದರೂ ಮಳೆಗಾಲದ ಥಂಡಿಯಲ್ಲಿ ಬಿಚ್ಚಿಟ್ಟರೆ ಈ ಹದ ಕೆಡುತ್ತದೆ. ಮುಂದಿನ ಸಲ ಬಣ್ಣ ಹಚ್ಚಿದಾಗ ಅಲ್ಲಲ್ಲಿ ಕಪ್ಪು ಚುಕ್ಕಿಗಳಾಗಿ ಇಳಿಯುತ್ತದೆ, ಏನು ಮಾಡಿದರೂ ಸರಿಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಜತೆಗಿಟ್ಟು ಬೀರುವಿನ ಮೇಲ್ಗಡೆಯ ಅರೆಯಲ್ಲಿಡಿ.

ಮೈ ಹೇಗಿರಬೇಕು ಎಂಬುದರಲ್ಲಿ ಮೂರು ಬಗೆ. ಬಿಸಿ ಉರುಳೆಗಳ ನಡುವೆ ಒತ್ತಿ ಇಸ್ತ್ರಿ ಮಾಡಿದಂತೆ ನುಣ್ಣಗಾದದ್ದು ಹಾಟ್ ಪ್ರೆಸ್. ಹೂವು, ಎಲೆಯ ನವಿರು ಗೆರೆ ಬರೆಯುವವರಿಗೆ ಅದು. ಒರಟಾದದ್ದು ರಫ್. ನಡುವಿನದು ಕೋಲ್ಡ್ ಪ್ರೆಸ್. ಅದನ್ನೇ ತನ್ನಿ.

ಇನ್ನು ಬೆಲೆ. ಒಳ್ಳೆಯ ಹತ್ತಿ ಕಾಗದದ ಒಂದು ಫುಲ್ ಶೀಟಿನ ಬೆಲೆ ಕೇಳಿ ಹೌಹಾರಿ ಹಿಂದೆ ಬರುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. ಫುಲ್ ಶೀಟ್ ಎಂದರೆ 22 ಇಂಚು ಅಗಲ, 30 ಇಂಚು ಉದ್ದ. ನಾಲ್ಕು ಮಾಡಿದರೆ 11 ಇಂಚು ಅಗಲ, 15 ಇಂಚು ಉದ್ದದ ತುಂಡು. ಎಂಟು ಮಾಡಿದರೆ 11 ಇಂಚಿಗೆ ಏಳೂವರೆ ಇಂಚು, ಕಲಿಕೆಗೆ ಬೇಕಾದಷ್ಟಾಯಿತು. ಹಿಂಬದಿಯೂ ಬರೆಯಲು ಬರುತ್ತದೆ, ಅಲ್ಲಿಗೆ ಹದಿನಾರು. ಶೀಟಿನ ಬೆಲೆಯನ್ನು ಹದಿನಾರರಿಂದ ಭಾಗಿಸಿದರೆ ಒಂದು ಚಿತ್ರದ ಖರ್ಚು ಹೋಟೆಲಿನ ತಿಂಡಿಗಿಂತ ಹೆಚ್ಚಾಗುವುದಿಲ್ಲ. ಬಣ್ಣದ ಮಿಶ್ರಣ ಪರೀಕ್ಷಿಸಲು, ಗೆರೆಯ ಅಭ್ಯಾಸಕ್ಕೆ ಮರದ ತಿರುಳಿನ ಅಗ್ಗದ ಕಾಗದವೇ ಸಾಕು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಎರಡೇ ಎರಡು ಒಳ್ಳೆಯ ಬ್ರಷ್

ಹತ್ತು ಬ್ರಷ್‌ಗಳ ಪ್ಯಾಕೆಟ್ಟಿನಲ್ಲಿ ಎಂಟು ಉಪಯೋಗಕ್ಕೆ ಬರುವುದಿಲ್ಲ. ಗುಂಡು ಬ್ರಷ್, ಅಂಗಡಿಯ ಮಾತಿನಲ್ಲಿ ರೌಂಡ್, 8 ಅಥವಾ 10ನೇ ನಂಬರಿನದು ಒಂದು. ಆಕಾಶ, ನೀರು, ಗೋಡೆಯಂಥ ದೊಡ್ಡ ಜಾಗಕ್ಕೆ ಒಂದು ಇಂಚಿನ ಫ್ಲಾಟ್ ಒಂದು. ಆರು ತಿಂಗಳು ಇವೆರಡರಲ್ಲೇ ಕಳೆಯಬಹುದು. ನಂಬರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಒಬ್ಬರ 8 ಇನ್ನೊಬ್ಬರ 6 ಇದ್ದೀತು. ಕಣ್ಣಳತೆಯಲ್ಲಿ ನೋಡಿ ತನ್ನಿ.

ಸಣ್ಣ ಬ್ರಷ್ ಕಂಡರೆ ಹೊಸಬರಿಗೆ ಧೈರ್ಯ. ಸಣ್ಣದರಲ್ಲಿ ಬರೆದರೆ ತಪ್ಪಾಗುವುದಿಲ್ಲ ಎಂಬ ಭ್ರಮೆ. ದಪ್ಪ ಬ್ರಷ್‌ನ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ತುದಿ ಮಾತ್ರ ಸೂಜಿಯಂತಿರುತ್ತದೆ. ಒತ್ತಿದರೆ ಬಾಳೆ ಎಲೆ, ಎತ್ತಿ ಎಳೆದರೆ ಅದರ ನಡುದಿಂಡು, ಎರಡೂ ಅದರಲ್ಲೇ.

ಆ ತುದಿ ಇದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಬೇಕು. ಹೊಸ ಬ್ರಷ್‌ನ ತುದಿಗೆ ಗಂಜಿಯಂಥ ಅಂಟು ಹಾಕಿ ಚೂಪು ಮಾಡಿಟ್ಟಿರುತ್ತಾರೆ, ಅದನ್ನು ನಂಬಬಾರದು. ಒಂದು ಲೋಟ ನೀರು ಕೇಳಿ. ಕೊಡಲು ಗೊಣಗುವ ಅಂಗಡಿ ಬಿಡಿ. ಬ್ರಷ್ ಅನ್ನು ನೀರಲ್ಲಿ ಅದ್ದಿ ಅಂಟು ಬಿಡಿಸಿ, ಮಣಿಕಟ್ಟಿನಿಂದ ಒಂದು ಸಲ ಜೋರಾಗಿ ಕೊಡವಿ. ಕೂದಲೆಲ್ಲ ತಾನಾಗಿ ಒಂದಾಗಿ ಒಂದೇ ಮೊನೆಗೆ ಬಂದರೆ ಅದು ನಿಮ್ಮದು. ಹಾವಿನ ನಾಲಗೆಯಂತೆ ಸೀಳಿದರೆ ವಾಪಸು ಕೊಡಿ. ಬೆರಳ ಉಗುರಿನ ಮೇಲೆ ಬಾಗಿಸಿ ಬಿಟ್ಟರೆ ನೆಟ್ಟಗಾಗಬೇಕು, ಬಾಗಿದ ಹಾಗೇ ಮಲಗಿಬಿಡಬಾರದು.

ಜಲವರ್ಣದ ಬ್ರಷ್‌ಗಳಲ್ಲಿ ಹೆಸರಾದದ್ದು ಕೊಲಿನ್ಸ್ಕಿ ಸೇಬಲ್, ಸೈಬೀರಿಯಾದ ಮುಂಗುಸಿಯಂಥದೇ ಒಂದು ಪ್ರಾಣಿಯ ಬಾಲದ ಕೂದಲು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ ರಾಣಿ ವಿಕ್ಟೋರಿಯಾಗಾಗಿ 1866ರಲ್ಲಿ ಮಾಡಿಕೊಟ್ಟ ಸೀರೀಸ್ 7 ಈಗಲೂ ಮಾರಾಟದಲ್ಲಿದೆ. ನಮ್ಮ ಮೈಸೂರು ಶೈಲಿಯ ಚಿತ್ರಗಾರರು ಅಳಿಲಿನ ಬಾಲದ ಕೂದಲಿನಿಂದ ತಾವೇ ಕುಂಚ ಕಟ್ಟಿಕೊಳ್ಳುತ್ತಿದ್ದರು. ನಮಗೆ ನಿಮಗೆ ಸಿಂಥೆಟಿಕ್ ಸಾಕು. ಈಚಿನ ಸಿಂಥೆಟಿಕ್ ಬ್ರಷ್‌ಗಳು ನೀರು ಹಿಡಿಯುವುದರಲ್ಲಿ ತುಸು ಹಿಂದೆ, ಬಾಳಿಕೆಯಲ್ಲಿ ಏನೂ ಕಡಿಮೆಯಿಲ್ಲ.

ಹಾಂ, ಯಾರಾದರೂ ದನಿ ತಗ್ಗಿಸಿ "ಮುಂಗುಸಿ ಕೂದಲಿಂದು ಇದೆ, ಕೊಡ್ಲಾ?" ಎಂದರೆ ಬೇಡ ಎನ್ನಿ. ಮುಂಗುಸಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದರ ಕೂದಲಿನ ಬ್ರಷ್ ಮಾಡುವುದು, ಮಾರುವುದು ಅಪರಾಧ. ಉತ್ತರಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ದೇಶದ ಬ್ರಷ್ ಕಸುಬಿನ ದೊಡ್ಡ ಊರು. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 'ಆಪರೇಷನ್ ಕ್ಲೀನ್ ಆರ್ಟ್' ಹೆಸರಿನಲ್ಲಿ ಈ ಮುಂಗುಸಿ ಬ್ರಷ್ ದಂಧೆಯ ಮೇಲೆ ದಾಳಿ ನಡೆಸಿತ್ತು. ಒಂದು ಬ್ರಷ್‌ನ ಆಸೆಗೆ ಯಾವುದೋ ಬೇಲಿಯ ಸಂದಿಯ ಜೀವವೊಂದು ಹೋಗುವುದು ಬೇಡ.

ತಂದ ಬ್ರಷ್ ಅನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋಗಬೇಡಿ. ಮೊನೆ ಮುರಿಯುವುದು ಹಾಗೆಯೇ. ತೊಳೆದು, ಬೆರಳಲ್ಲಿ ತುದಿ ಹೊಸೆದು, ಮಲಗಿಸಿ ಒಣಗಿಸಿ.

ಹೆಸರು ಬಿಡಿ, ನಂಬರು ನೋಡಿ

ಕೊನೆಗೆ ಬಣ್ಣ. ಜಲವರ್ಣ ಎಂದರೆ ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಗೋಂದಿನಲ್ಲಿ ಅರೆದದ್ದು, ಅಷ್ಟೆ. ಒಂದು ಕಾಲಕ್ಕೆ ಗಟ್ಟಿ ಬಿಲ್ಲೆಗಳಾಗಿ ಬರುತ್ತಿತ್ತು, ಗಂಧ ತೇಯ್ದಂತೆ ನೀರು ಹಾಕಿ ತೇಯಬೇಕಿತ್ತು. ಲೋಹದ ಟ್ಯೂಬ್ ಬಂದದ್ದು 1841ರಲ್ಲಿ, ಜಾನ್ ರಾಂಡ್ ಎಂಬ ಅಮೆರಿಕದ ಚಿತ್ರಕಾರನ ಉಪಾಯದಿಂದ. ಸ್ಟೂಡೆಂಟ್ ದರ್ಜೆ, ಆರ್ಟಿಸ್ಟ್ ದರ್ಜೆ ಎಂದು ಎರಡು ಇರುತ್ತದೆ. ಸ್ಟೂಡೆಂಟ್ ಬಣ್ಣದಲ್ಲಿ ಪುಡಿ ಕಡಿಮೆ, ತುಂಬುವ ವಸ್ತು ಹೆಚ್ಚು. ಹಾಲಿಗೆ ನೀರು ಬೆರೆಸಿದ ಹಾಗೆ.

1931ರಲ್ಲಿ ಮುಂಬೈಯಲ್ಲಿ ಶಾಯಿ ಮಾಡಲು ಶುರುವಾದ ಕ್ಯಾಮ್ಲಿನ್ ಕಂಪನಿಯ ಒಂಟೆ ಗುರುತಿನ ಬಣ್ಣ ನಮ್ಮೆಲ್ಲರ ಶಾಲೆಯ ಚೀಲದಲ್ಲಿತ್ತು. ಅದರಲ್ಲೂ ಈ ಎರಡು ದರ್ಜೆ ಬೇರೆ ಬೇರೆ, ಟ್ಯೂಬಿನ ಮೇಲೆ ಓದಿ ತನ್ನಿ. ಇನ್ನೊಂದು ಎಡವಟ್ಟು ಪೋಸ್ಟರ್ ಕಲರ್. ಬಾಟಲಿಯಲ್ಲಿ ಬರುವ ಅದೂ ನೀರಿನಲ್ಲೇ ಕರಗುತ್ತದೆ, ಆದರೆ ಸುಣ್ಣ ಬಳಿದಂತೆ ಕೂರುತ್ತದೆ. ಕಾಗದದ ಬೆಳಕು ಹೊರಗೆ ಬರಲು ಬಿಡುವುದಿಲ್ಲ.

ಹೆಸರುಗಳನ್ನು ನಂಬುವಂತಿಲ್ಲ. 'ಇಂಡಿಯನ್ ಯೆಲ್ಲೋ' ಎಂಬ ಬಣ್ಣವಿದೆ. ಬಿಹಾರದ ಮುಂಗೇರ್ ಬಳಿ ಹಸುಗಳಿಗೆ ಬರಿ ಮಾವಿನೆಲೆ ತಿನ್ನಿಸಿ ಅವುಗಳ ಗಂಜಲ ಕಾಯಿಸಿ ಆ ಹಳದಿ ತೆಗೆಯುತ್ತಾರೆಂದು ತ್ರೈಲೋಕ್ಯನಾಥ ಮುಖರ್ಜಿ 1883ರಲ್ಲಿ ಬರೆದಿದ್ದರು. ಇಂದಿನ ಟ್ಯೂಬಿನಲ್ಲಿ ಹಸುವೂ ಇಲ್ಲ, ಮಾವೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಹೆಸರಿನ ಮುಂದೆ 'ಹ್ಯೂ' ಎಂದು ಸೇರಿಸಿದ್ದರೆ ಅಸಲಿ ಪುಡಿಯ ಬದಲು ಅದರ ಛಾಯೆಯ ಇನ್ನೊಂದನ್ನು ಹಾಕಿದ್ದಾರೆ ಎಂದರ್ಥ. ಅದು ಮೋಸವಲ್ಲ, ತಿಳಿದು ಕೊಂಡರಾಯಿತು. ಅಸಲು ವಿಷಯ ಹೇಳುವುದು ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ಪಿಬಿ 29, ಪಿವಿ 19 ಎಂಬ ಸಂಕೇತ. ಅದು ಬಣ್ಣದ ಪುಡಿಯ ಗುರುತು, ಯಾವ ಕಂಪನಿಯದಾದರೂ ಒಂದೇ. ಒಂದೇ ನಂಬರಿರುವ ಟ್ಯೂಬ್ ಆರಿಸಿ. ಮೂರು ನಾಲ್ಕು ನಂಬರಿನವು ಮೊದಲೇ ಬೆರೆಸಿದ ಬಣ್ಣಗಳು. ಅವನ್ನು ನೀವು ಮತ್ತೊಂದರ ಜತೆ ಬೆರೆಸಿದರೆ ರಾಡಿ.

ನನ್ನ ಚೀಟಿಯಲ್ಲಿ ಐದೇ ಬಣ್ಣ. ಅಲ್ಟ್ರಾಮರೀನ್ ನೀಲಿ, ಪಿಬಿ 29. ಹಿಂದೆ ಆಫ್ಘಾನಿಸ್ತಾನದ ಬೆಟ್ಟದ ಕಲ್ಲು ಅರೆದು ಚಿನ್ನದ ಬೆಲೆಗೆ ಮಾರುತ್ತಿದ್ದುದು ಈಗ ಕಾರ್ಖಾನೆಯಲ್ಲಾಗಿ ಅಗ್ಗವಾಗಿದೆ. ಬರ್ಂಟ್ ಸಿಯೆನಾ ಎಂಬ ಸುಟ್ಟ ಮಣ್ಣಿನ ಬಣ್ಣ, ಪಿಆರ್ 101 ಅಥವಾ ಪಿಬಿಆರ್ 7. ಒಂದು ನಿಂಬೆ ಹಳದಿ, ಪಿವೈ 3. ಒಂದು ಗುಲಾಬಿ ಕೆಂಪು, ಪಿವಿ 19. ಒಂದು ಥೇಲೋ ನೀಲಿ, ಪಿಬಿ 15.

ಮೊದಲೆರಡನ್ನು ಬೆರೆಸಿ ನೋಡಿ. ನೀಲಿ ಹೆಚ್ಚಾದರೆ ಮಳೆಮೋಡದ ಬೂದು, ಕಂದು ಹೆಚ್ಚಾದರೆ ನೆಂದ ಮರದ ಕಾಂಡ, ಎರಡನ್ನೂ ಗಟ್ಟಿಯಾಗಿ ತೆಗೆದುಕೊಂಡರೆ ಹೆಂಚಿನ ಸೂರಿನಡಿಯ ಕತ್ತಲು. ಕಪ್ಪು ಟ್ಯೂಬ್ ಬೇಕಿಲ್ಲ. ನಿಂಬೆ ಹಳದಿಗೆ ಥೇಲೋ ಸೇರಿಸಿದರೆ ಎಳೆ ಭತ್ತದ ಗದ್ದೆ. ಥೇಲೋ ಮಾತ್ರ ಇಂಗಿನಂತೆ, ಚಿಟಿಕೆ ಮೀರಿದರೆ ಅಡುಗೆಯೆಲ್ಲ ಅದೇ. ಅದೇ ಹಳದಿಗೆ ಅಲ್ಟ್ರಾಮರೀನ್, ಮೇಲೆ ತುಸು ಸಿಯೆನಾ ಬಿದ್ದರೆ ಹಲಸಿನೆಲೆಯ ಮಂಕು ಹಸಿರು. ಡಬ್ಬಿಯಲ್ಲಿ ಬರುವ ಸಿದ್ಧ ಹಸಿರುಗಳು ನಮ್ಮ ಕಡೆಯ ಯಾವ ಗಿಡದ್ದೂ ಅಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಬಿಳಿ ಬಣ್ಣ? ಕಾಗದವೇ ಬಿಳಿ. ಬೇಕಾದ ಕಡೆ ಬಣ್ಣ ಹಚ್ಚದೆ ಬಿಡಬೇಕು. ಮೈಸೂರಿನ ಚಿತ್ರಗಾರರ ಮನೆತನದಿಂದ ಬಂದು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತ ಕೆ. ವೆಂಕಟಪ್ಪನವರು (1886–1965) ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳನ್ನು ಎಲ್ಲಾದರೂ ಕಂಡರೆ ನಿಂತು ನೋಡಿ. ಎಲ್ಲಿ ಬಣ್ಣ ಹಾಕಿದ್ದಾರೆ ಎನ್ನುವುದಕ್ಕಿಂತ ಎಲ್ಲೆಲ್ಲಿ ತೆಳುವಾಗಿ ಬಿಟ್ಟಿದ್ದಾರೆ ಎಂದು ಹುಡುಕಿ.

ದುಡ್ಡು ಇನ್ನೂ ಇದ್ದರೆ ಅದೇ ಐದನ್ನು ಆರ್ಟಿಸ್ಟ್ ದರ್ಜೆಯಲ್ಲಿ ಕೊಳ್ಳಿ. ದೊಡ್ಡ ಕಂಪನಿಗಳು ಬಣ್ಣಕ್ಕೆ ತಕ್ಕ ಬೆಲೆಯನ್ನು ಸೀರೀಸ್ 1, 2, 3 ಎಂದು ವಿಂಗಡಿಸುತ್ತವೆ. ಮಣ್ಣಿನ ಬಣ್ಣಗಳು, ಅಲ್ಟ್ರಾಮರೀನ್ ಸಾಮಾನ್ಯವಾಗಿ ಅಗ್ಗದ ಸಾಲಿನಲ್ಲೇ ಇರುತ್ತವೆ. ಅಲಿಜರಿನ್ ಕ್ರಿಮ್ಸನ್, ಪಿಆರ್ 83, ಮಾತ್ರ ಕೊಳ್ಳಬೇಡಿ. ಮಂಜಿಷ್ಠದ ಜಾತಿಯ ಬೇರಿನಿಂದ ಹಿಂದೆ ತೆಗೆಯುತ್ತಿದ್ದ ಆ ಕೆಂಪು ಬೆಳಕಿಗೆ ಮಾಸುತ್ತದೆ. ಕರಾವಳಿಯವರು ಪ್ಯಾರಿಸ್ಸಿನ ಸೆನೆಲಿಯೆಯಂಥ ಜೇನುತುಪ್ಪ ಬೆರೆಸಿದ ಬಣ್ಣ ಕೊಳ್ಳುವ ಮುಂಚೆ ಯೋಚಿಸಿ. ನಮ್ಮ ಸೆಕೆಯಲ್ಲಿ ಅದು ಅಂಟಂಟಾಗಿಯೇ ಇರುತ್ತದೆ, ಇರುವೆಗೂ ಬಲು ಪ್ರೀತಿ. ಬ್ರಷ್‌ನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಯಾರಿಗೂ ಬೇಡ. ಕ್ಯಾಡ್ಮಿಯಂ, ಕೋಬಾಲ್ಟ್ ಎಂದು ಬರೆದ ಟ್ಯೂಬ್‌ಗಳಲ್ಲಿ ವಿಷದ ಲೋಹಗಳಿರುತ್ತವೆ.

ಉಳಿದದ್ದೆಲ್ಲ ಮನೆಯಲ್ಲೇ ಇದೆ. ಪ್ಯಾಲೆಟ್‌ಗೆ ಬಿಳಿ ಪಿಂಗಾಣಿ ತಟ್ಟೆ, ಅಂಚು ಒಡೆದದ್ದಾದರೂ ಸೈ. ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಹನಿ ಹನಿಯಾಗಿ ಒಡೆಯುತ್ತದೆ, ಪಿಂಗಾಣಿಯಲ್ಲಿ ಮಟ್ಟಸವಾಗಿ ನಿಲ್ಲುತ್ತದೆ. ನೀರಿಗೆ ಎರಡು ಉಪ್ಪಿನಕಾಯಿ ಬಾಟಲಿ, ಒಂದು ತೊಳೆಯಲು, ಒಂದು ಬೆರೆಸಲು. ಒರೆಸಲು ಹಳೆಯ ಬನಿಯನ್. ಹಲಗೆಗೆ ಮಕ್ಕಳ ಎಕ್ಸಾಮ್ ಪ್ಯಾಡ್. ಕೊಳ್ಳಬೇಕಾದ್ದು ಒಂದು ಸುರುಳಿ ಮಾಸ್ಕಿಂಗ್ ಟೇಪ್ ಮಾತ್ರ, ಅದನ್ನೂ ಮೊದಲು ಕಾಗದದ ಹಿಂಬದಿಯಲ್ಲಿ ಅಂಟಿಸಿ ಕಿತ್ತು ನೋಡಿ.

ಯಾವ ಕಾಗದ, ಯಾವ ಬಣ್ಣ ಎಂದು ಬಲ್ಲವರನ್ನೇ ಕೇಳಬೇಕೆಂದರೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ. ಜಲವರ್ಣದವರ ಮುಂದೆ ನಿಂತು "ಇದು ಯಾವ ಪೇಪರ್ ಸರ್?" ಎಂದರೆ ಸಾಕು. ಬೆಲೆ ಕೇಳಿದವರಿಗಿಂತ ಪೇಪರ್ ಕೇಳಿದವರ ಹತ್ತಿರ ಹೆಚ್ಚು ಹೊತ್ತು ಮಾತಾಡುತ್ತಾರೆ, ಇದು ನನ್ನ ಅನುಭವ.

ಅಂಗಡಿಗೆ ಹೋಗುವ ಮುಂಚೆ ಚೀಟಿ ಬರೆದುಕೊಳ್ಳಿ. ಹತ್ತಿಯ ಕೋಲ್ಡ್ ಪ್ರೆಸ್ 300 ಜಿಎಸ್‌ಎಂ ಫುಲ್ ಶೀಟ್ ಒಂದು, 8ನೇ ನಂಬರಿನ ಸಿಂಥೆಟಿಕ್ ರೌಂಡ್ ಒಂದು, ಒಂದು ಇಂಚಿನ ಫ್ಲಾಟ್ ಒಂದು, ಬಣ್ಣ ಐದು, ಮಾಸ್ಕಿಂಗ್ ಟೇಪ್. ದುಡ್ಡು ಸಾಲದಿದ್ದರೆ ಬಣ್ಣ ಎರಡಕ್ಕಿಳಿಸಿ, ಅಲ್ಟ್ರಾಮರೀನ್ ಮತ್ತು ಸಿಯೆನಾ. ಶೀಟ್ ಕೈಬಿಡಬೇಡಿ. ಅಂಗಡಿಯವರು 24 ಬಣ್ಣದ ಡಬ್ಬಿ ಬಿಚ್ಚಿ ತೋರಿಸಿದರೆ ನೋಡಿ, ಚೆನ್ನಾಗಿದೆ ಅನ್ನಿ, ಚೀಟಿಯಲ್ಲಿರುವುದನ್ನೇ ಕೊಡಿ ಅನ್ನಿ.